ಮಸಾಯಿ ಮಾರಾಕ್ಕೆ ಕ್ಯಾಮೆರಾ ಚೀಲ ಕಟ್ಟುವ ಮೊದಲು

ಕಬಿನಿ, ಬಂಡೀಪುರಗಳಲ್ಲಿ ಕೈ ಪಳಗಿದ ಫೋಟೊಗ್ರಾಫರುಗಳು ಮೊದಲ ಸಲ ಕೀನ್ಯಾದ ವನ್ಯಜೀವಿ ತಾಣ ಮಸಾಯಿ ಮಾರಾಕ್ಕೆ ಹೊರಟಾಗ ಕೇಳುವುದು ಬಹುತೇಕ ಒಂದೇ ಪ್ರಶ್ನೆ: ಎಷ್ಟು ಮಿ.ಮೀ. ಲೆನ್ಸ್ ಬೇಕು? ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ ಇದೆ. ನೈರೋಬಿಯಿಂದ ಮಾರಾಕ್ಕೆ ವಿಮಾನದಲ್ಲಿ ಹೋಗುತ್ತೀರೋ, ರಸ್ತೆಯಲ್ಲೋ? ಒಂದು ವಾಹನದಲ್ಲಿ ಎಷ್ಟು ಜನ? ಉಳಿದುಕೊಳ್ಳುವುದು ರಿಸರ್ವ್, ಅಂದರೆ ಸರ್ಕಾರಿ ರಕ್ಷಿತ ಪ್ರದೇಶದ ಒಳಗೋ, ಅದಕ್ಕೆ ಹೊಂದಿಕೊಂಡ ಖಾಸಗಿ ವನ್ಯಜೀವಿ ನೆಲವಾದ ಕನ್ಸರ್ವೆನ್ಸಿಯಲ್ಲೋ? ಇಷ್ಟಕ್ಕೆ ಉತ್ತರ ಸಿಕ್ಕಿತೆಂದರೆ ಲೆನ್ಸುಗಳ ಪಟ್ಟಿ ಮುಕ್ಕಾಲು ಪಾಲು ತಾನಾಗಿ ಸಿದ್ಧವಾಗುತ್ತದೆ. ಕಬಿನಿಯಲ್ಲಿ ಫಲ ಕೊಟ್ಟ ಚೀಲವನ್ನೇ ಹೆಗಲಿಗೇರಿಸಿ ಹೋದರೆ ಕೆಲವು ಸಾಮಾನು ಹೊರೆಯಾಗುತ್ತದೆ, ಕೆಲವು ಇಲ್ಲದೆ ಪರದಾಡಬೇಕಾಗುತ್ತದೆ.

ತೂಕದಿಂದ ಶುರು ಮಾಡೋಣ. ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಮಾರಾದ ಮಣ್ಣಿನ ರನ್‌ವೇಗಳಿಗೆ ಹಾರುವ ಪುಟ್ಟ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕಿಲೊ ಮಾತ್ರ. ಕೈಚೀಲವೂ ಅದರೊಳಗೇ ಲೆಕ್ಕ. ಚೀಲ ಮೆತ್ತಗಿರಬೇಕು, ಗಾಲಿ ಇರುವ ಗಟ್ಟಿ ಸೂಟ್‌ಕೇಸು ವಿಮಾನದ ಹೊಟ್ಟೆಯ ಸಾಮಾನು ಗೂಡಿನಲ್ಲಿ ಹಿಡಿಸುವುದಿಲ್ಲ. ಈ 15 ಕಿಲೊ ಎಲ್ಲಿ ಕರಗುತ್ತದೆ ನೋಡಿ. ನಿಕಾನ್ ಜೆಡ್ 8 ಬಾಡಿ (ಲೆನ್ಸಿಲ್ಲದ ಕ್ಯಾಮೆರಾ) 910 ಗ್ರಾಂ, ಎರಡನೆಯ ಬಾಡಿಯಾಗಿ ಜೆಡ್ 6 ತ್ರೀ 760 ಗ್ರಾಂ, 180-600 ಲೆನ್ಸ್ ಕಾಲರ್ (ಟ್ರೈಪಾಡಿಗೆ ಕೂರಿಸುವ ಪಾದವಿರುವ ಉಂಗುರ) ಸಮೇತ 2,140 ಗ್ರಾಂ, 70-200 ಎಫ್ 2.8 (ಎಫ್ ಅಂಕಿ ಚಿಕ್ಕದಾದಷ್ಟು ಹೆಚ್ಚು ಬೆಳಕು ಒಳಗೆ ಬರುತ್ತದೆ) ಲೆನ್ಸ್ 1,440 ಗ್ರಾಂ. ಇಲ್ಲಿಗೇ 5.25 ಕಿಲೊ ಆಯಿತು. ನಾಲ್ಕು ಹೆಚ್ಚುವರಿ ಬ್ಯಾಟರಿಗೆ ಮುನ್ನೂರು ಚಿಲ್ಲರೆ ಗ್ರಾಂ, ಚಾರ್ಜರ್, ಕೇಬಲ್, ಕಾರ್ಡ್, ಎಸ್‌ಎಸ್‌ಡಿ ಎಲ್ಲ ಸೇರಿ ಅರ್ಧ ಕಿಲೊ ಮೇಲೆ, ಖಾಲಿ ಕ್ಯಾಮೆರಾ ಚೀಲ ಒಂದೂವರೆ, ಲ್ಯಾಪ್‌ಟಾಪ್ ಒಂದೂವರೆಯ ಮೇಲೆ. ಒಟ್ಟು ಒಂಬತ್ತೂವರೆ ಕಿಲೊದ ಆಸುಪಾಸು. ಬಟ್ಟೆ, ಚಪ್ಪಲಿ, ಔಷಧಿಗೆ ಉಳಿಯುವುದು ಐದೂವರೆ. ಬಹಳಷ್ಟು ಕ್ಯಾಂಪುಗಳಲ್ಲಿ ಬಟ್ಟೆ ಒಗೆದು ಕೊಡುವುದರಿಂದ ಅಷ್ಟು ಸಾಕು. ಆದರೆ ಇದರ ಮೇಲೆ 400 ಎಫ್ 2.8ರಂಥ ಸುಮಾರು ಮೂರು ಕಿಲೊದ ಲೆನ್ಸ್ ಹೇರಿದಿರೋ, ಲೆಕ್ಕ ತಪ್ಪಿತು. ಆಗ ಹೆಚ್ಚುವರಿ ಸೀಟನ್ನೇ ಸಾಮಾನಿಗಾಗಿ ಕೊಳ್ಳಬೇಕು, ಇಲ್ಲವೆ ರಸ್ತೆ ಹಿಡಿಯಬೇಕು.

ರಸ್ತೆಯಲ್ಲಿ ತೂಕದ ತಕರಾರಿಲ್ಲ. ನೈರೋಬಿಯಿಂದ ನಾರೋಕ್ ಪಟ್ಟಣದ ಮೇಲೆ ಹಾದು ಒಟ್ಟು ಐದಾರು ಗಂಟೆಯ ದಾರಿ. ಗೇಟು ಹತ್ತಿರವಾದಂತೆ ಕುಲುಕಾಟ, ಧೂಳು ಎರಡೂ ಏರುತ್ತವೆ. ಈ ನಡುಕಕ್ಕೆ ಮೊದಲು ಸಡಿಲವಾಗುವುದು ಲೆನ್ಸ್ ಕಾಲರಿನ ಪಾದದ ಸ್ಕ್ರೂಗಳು, ಅದಕ್ಕೆ ಹಾಕಿದ ಟ್ರೈಪಾಡ್ ಪ್ಲೇಟಿನ ಸ್ಕ್ರೂಗಳು. ನಿಮ್ಮ ಪ್ಲೇಟಿಗೆ ಹೊಂದುವ ಆಲೆನ್ ಕೀ ಒಂದನ್ನು ಚೀಲದಲ್ಲಿಟ್ಟುಕೊಂಡು ದಿನಾ ಸಂಜೆ ಬಿಗಿ ನೋಡಿ. ಕ್ಯಾಮೆರಾ ಚೀಲ ಸೀಟಿನ ಮೇಲೆ ಅಥವಾ ತೊಡೆಯ ಮೇಲೆ ಇರಲಿ. ಹಿಂದಿನ ಡಿಕ್ಕಿಯಲ್ಲಿ, ಚಕ್ರದ ಮೇಲ್ಭಾಗದಲ್ಲಿ ಇಡಲೇಬೇಡಿ.

ಇನ್ನು ಭಾರತದಿಂದ ಹೊರಡುವ ದೊಡ್ಡ ವಿಮಾನ. ಎಕಾನಮಿಯಲ್ಲಿ ಕೈಚೀಲಕ್ಕೆ ಬಹಳ ಕಡೆ 7 ಕಿಲೊ ಮಿತಿ. ಬಾಡಿ, ಲೆನ್ಸ್, ಬ್ಯಾಟರಿ, ಕಾರ್ಡು ಜೊತೆಯಲ್ಲೇ ಇರಬೇಕು. ಚಾರ್ಜರು, ಬೀನ್ ಬ್ಯಾಗು (ಲೆನ್ಸ್ ಊರಲು ಕಾಳು ತುಂಬುವ ಚೀಲ), ಬಟ್ಟೆ ಲಗೇಜಿಗೆ ಹೋಗಲಿ. ತೂಕ ಮೀರಿದರೆ ಒಂದು ಬಾಡಿಯನ್ನು ಕೊರಳಿಗೆ ಹಾಕಿಕೊಂಡು, ಚಿಕ್ಕ ಲೆನ್ಸನ್ನು ಜಾಕೆಟ್ಟಿನ ಜೇಬಿಗಿಳಿಸಬಹುದು. ಲಿಥಿಯಂ ಬ್ಯಾಟರಿಯ ಬಿಡಿ ಸೆಲ್‌ಗಳನ್ನು ಲಗೇಜಿಗೆ ಹಾಕುವಂತಿಲ್ಲ, ಇದು ಎಲ್ಲ ಕಡೆಯ ನಿಯಮ. ಒಂದೊಂದೂ 100 ವ್ಯಾಟ್-ಅವರ್ ಒಳಗಿರಬೇಕು. ಕ್ಯಾಮೆರಾ ಬ್ಯಾಟರಿಗಳು 16ರ ಆಸುಪಾಸಿನಲ್ಲಿರುವುದರಿಂದ ಚಿಂತೆಯಿಲ್ಲ. 20,000 ಎಂಎಎಚ್ ಪವರ್ ಬ್ಯಾಂಕ್ 74 ವ್ಯಾಟ್-ಅವರ್ ಆಗುತ್ತದೆ: 20ನ್ನು 3.7ರಿಂದ ಗುಣಿಸಿ. ಅದರ ಮೇಲೆ ಮುದ್ರಿಸಿದ ಅಂಕಿ ಅಳಿಸಿಹೋಗಿದ್ದರೆ ತಪಾಸಣೆಯಲ್ಲಿ ಕಿತ್ತಿಟ್ಟುಕೊಳ್ಳುತ್ತಾರೆ. ಬಿಡಿ ಬ್ಯಾಟರಿಗಳ ಲೋಹದ ತುದಿಗೆ ಪ್ಲಾಸ್ಟಿಕ್ ಮುಚ್ಚಳ ಇರಲಿ, ಇಲ್ಲದಿದ್ದರೆ ಟೇಪು ಅಂಟಿಸಿ.

ಈಗ ಮಿ.ಮೀ. ಮಾತಿಗೆ ಬರೋಣ. ಇದಕ್ಕೆ ಊಹೆ ಬೇಡ, ಬಾಯಿಲೆಕ್ಕ ಸಾಕು. ದೂರವನ್ನು ಸೆನ್ಸರಿನ ಅಗಲದಿಂದ ಗುಣಿಸಿ, ಲೆನ್ಸಿನ ಮಿ.ಮೀ. ಅಂಕಿ, ಅಂದರೆ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಫ್ರೇಮಿನಲ್ಲಿ ಎಷ್ಟು ಅಗಲದ ಜಾಗ ಹಿಡಿಸುತ್ತದೆ ಎಂಬುದು ಸಿಗುತ್ತದೆ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಅಗಲ 36 ಮಿ.ಮೀ. 30 ಮೀಟರ್ ದೂರಕ್ಕೆ 600 ಹಾಕಿದರೆ 1.8 ಮೀಟರ್ ಅಗಲ: ಸಿಂಹದ ಮುಖ, ಎದೆ. ಅದೇ ದೂರಕ್ಕೆ 400 ಹಾಕಿದರೆ 2.7 ಮೀಟರ್: ಮಲಗಿದ ಇಡೀ ಸಿಂಹ. 60 ಮೀಟರಿನಲ್ಲಿರುವ ಚೀತಾಗೆ 600 ಹಾಕಿದರೆ 3.6 ಮೀಟರ್, ಓಡಲು ಮುಂದೆ ಜಾಗ ಬಿಟ್ಟು ಚೌಕಟ್ಟು ಕಟ್ಟಲು ಹದವಾದ ಅಳತೆ. ನಮ್ಮ ನೀಲಕಂಠದ ಬಳಗಕ್ಕೇ ಸೇರಿದ, ಎದೆ ನೇರಳೆ ಬಣ್ಣದ ರೋಲರ್ ಹಕ್ಕಿ ಅಲ್ಲಿ ಹೆಜ್ಜೆಗೊಂದು ಸಿಗುತ್ತದೆ. ಅದು ಹತ್ತು ಮೀಟರಿನಲ್ಲಿ ಕೂತರೆ 600ರ ಫ್ರೇಮ್ 60 ಸೆಂ.ಮೀ. ಅಗಲ, ಹಕ್ಕಿ ಅರ್ಧಕ್ಕಿಂತ ಹೆಚ್ಚು ತುಂಬುತ್ತದೆ. ಆದರೆ 20 ಮೀಟರಿನಲ್ಲಿ ಆನೆ ಹಿಂಡು ರಸ್ತೆ ದಾಟುವಾಗ 180 ಅಥವಾ 200ರಿಂದ ಶುರುವಾಗುವ ಲೆನ್ಸ್ ಹಿಡಿದು ಕೂತವರಿಗೆ ಸಿಗುವುದು ಮೂರೂವರೆ ನಾಲ್ಕು ಮೀಟರ್ ಅಗಲ ಮಾತ್ರ, ಒಂದು ಆನೆಯೂ ಪೂರ್ತಿ ಹಿಡಿಸದು. 70ಕ್ಕೆ ಇಳಿದರೆ 10 ಮೀಟರ್ ಸಿಗುತ್ತದೆ. ಕ್ರಾಪ್, ಅಂದರೆ ಚಿಕ್ಕ ಸೆನ್ಸರಿನವರು 36ರ ಬದಲು 24 ಹಾಕಿಕೊಳ್ಳಿ.

ಕನ್ಸರ್ವೆನ್ಸಿಯೋ ರಿಸರ್ವೋ ಎಂಬ ಪ್ರಶ್ನೆ ಬರುವುದು ಇಲ್ಲೇ. ರಿಸರ್ವ್ ಒಳಗೆ ದಾರಿ ಬಿಟ್ಟು ಹುಲ್ಲಿಗೆ ವಾಹನ ಇಳಿಸುವಂತಿಲ್ಲ. ಹಾದಿಯಿಂದ ಪ್ರಾಣಿ ಎಷ್ಟು ದೂರದಲ್ಲಿದೆಯೋ ಅಷ್ಟು ದೂರದಿಂದಲೇ ತೆಗೆಯಬೇಕು, ಹಾಗಾಗಿ 500-600 ದುಡಿಯುತ್ತದೆ. ಮಾರಾ ನಾರ್ತ್, ನಬೊಯಿಶೊ, ಒಲಾರೆ ಮೊಟೊರೊಗಿಯಂಥ ಕನ್ಸರ್ವೆನ್ಸಿಗಳಲ್ಲಿ ಹುಲ್ಲಿನೊಳಗೆ ಮಿತವಾಗಿ ಇಳಿಯಲು ಅವಕಾಶವಿದೆ, ವಾಹನಗಳೂ ಕಡಿಮೆ. ಅಲ್ಲಿ 100-400 ಇಡೀ ದಿನ ಸಾಕಾಗುತ್ತದೆ, 600 ಬಹಳ ಹೊತ್ತು ಚೀಲದಲ್ಲೇ ಉಳಿಯುತ್ತದೆ.

ಬೆಳಕಿನ ಲೆಕ್ಕವೂ ನಮ್ಮ ಕಾಡಿನದಲ್ಲ. ನಾಗರಹೊಳೆಯ ತೇಗ, ಬಿದಿರಿನ ಕೆಳಗೆ ಬೆಳಿಗ್ಗೆ ಎಂಟಕ್ಕೂ ಕತ್ತಲೆ ಕತ್ತಲೆ. ಅಲ್ಲಿ ಎಫ್ 2.8, ಎಫ್ 4 ಲೆನ್ಸಿಗೆ ಕೊಟ್ಟ ದುಡ್ಡು ದಿನವಿಡೀ ವಸೂಲಾಗುತ್ತದೆ. ಮಾರಾ ಬಟ್ಟಬಯಲು, ಭೂಮಧ್ಯರೇಖೆಯ ಕೆಳಗೆ ಒಂದೂವರೆ ಡಿಗ್ರಿಯಷ್ಟೇ ದಕ್ಷಿಣಕ್ಕಿದೆ. ಸೂರ್ಯ ಬೆಳಿಗ್ಗೆ ಆರೂವರೆಯ ಹೊತ್ತಿಗೆ ನೆಟ್ಟಗೆ ಮೇಲೇರುತ್ತಾನೆ, ಮುಸ್ಸಂಜೆ ಎಂಬುದು ಬೇಗ ಮುಗಿದುಹೋಗುತ್ತದೆ. ಎಫ್ 6.3 ಲೆನ್ಸಿನವರು ನಿಜವಾಗಿ ಕಳೆದುಕೊಳ್ಳುವುದು ಎರಡು ತುದಿಯ ಇಪ್ಪತ್ತು-ಮೂವತ್ತು ನಿಮಿಷ. ಆ ಹೊತ್ತಿನಲ್ಲಿ ಸೆನ್ಸರಿನ ಬೆಳಕಿನ ಸಂವೇದನೆಯ ಅಂಕಿ, ಅಂದರೆ ಐಎಸ್‌ಒ 6400, 12800ಕ್ಕೆ ಏರಿಸಿಕೊಂಡು, ಮನೆಗೆ ಬಂದು ನಾಯ್ಸ್ (ಚಿತ್ರದ ಕಾಳುಕಾಳು) ತೆಗೆಯುವ ಸಾಫ್ಟ್‌ವೇರಿಗೆ ಹಾಕಿದರೆ ಪ್ರಿಂಟಿಗೂ ತೊಂದರೆಯಿಲ್ಲ. ಈ ಪ್ರವಾಸಕ್ಕೆಂದೇ ಸಾಲ ಮಾಡಿ ದೊಡ್ಡ ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಕೊಳ್ಳುವ ಯೋಚನೆ ಇರುವವರಿಗೆ ನನ್ನ ಸಲಹೆ ಸ್ಪಷ್ಟ: ಆ ದುಡ್ಡಿನಲ್ಲಿ ಒಂದು ವಾಹನಕ್ಕೆ ಆರು ಜನರ ಬದಲು ಮೂರು ಜನ ಹೋಗಿ. ಎರಡೂ ಕಡೆ ಕಿಟಕಿ ಸಿಗುವುದು ಎಫ್ 2.8ಕ್ಕಿಂತ ದೊಡ್ಡ ಲಾಭ.

ಹಾಗಾದರೆ ಏನು ಒಯ್ಯಬೇಕು? ಎರಡು ಬಾಡಿ, ಎರಡು ಲೆನ್ಸ್. ಉದ್ದನೆಯದಾಗಿ ಸೋನಿಯವರಿಗೆ 200-600, ನಿಕಾನ್ ಜೆಡ್‌ನವರಿಗೆ 180-600, ಕ್ಯಾನನ್ ಆರ್‌ಎಫ್‌ನವರಿಗೆ 100-500. ಮೂರರಲ್ಲಿ ಕ್ಯಾನನ್ನಿನದು ಹಗುರ, ಕಾಲರ್ ಬಿಟ್ಟರೆ 1,365 ಗ್ರಾಂ, 100ರಿಂದಲೇ ಶುರುವಾಗುತ್ತದೆ. ಬದಲಿಗೆ 500ರಲ್ಲಿ ಎಫ್ 7.1. ಸೋನಿಯದು 2,115 ಗ್ರಾಂ, ಆದರೆ ಜೂಮ್ ಮಾಡಿದಾಗ ಉದ್ದವಾಗುವುದಿಲ್ಲ, ಉಂಗುರವನ್ನು ಸ್ವಲ್ಪ ತಿರುಗಿಸಿದರೆ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ನಿಕಾನಿನದೂ ಹಾಗೆಯೇ. ಧೂಳಿನ ಊರಿನಲ್ಲಿ ಇದಕ್ಕೆ ಬೆಲೆಯಿದೆ, ಮುಂದೆ ಚಾಚಿ ಹಿಂದೆ ಸರಿಯುವ ಕೊಳವೆ ಪ್ರತಿ ಸಲವೂ ಗಾಳಿಯ ಜೊತೆ ಧೂಳನ್ನೂ ಒಳಗೆಳೆದುಕೊಳ್ಳಬಲ್ಲದು. ಎರಡನೆಯ ಬಾಡಿಗೆ 70-200. ಎಫ್ 4 ಇದ್ದರೂ ಸಾಕು, ಕ್ಯಾನನ್ ಆರ್‌ಎಫ್‌ನದು 695 ಗ್ರಾಂ, ಸೋನಿಯ ಎರಡನೆಯ ಆವೃತ್ತಿ 794 ಗ್ರಾಂ. ಮೋಡ ಕವಿದ ಬಯಲು, ಒಂಟಿ ಅಕೇಶಿಯ ಮರ, ಇಂಥದ್ದಕ್ಕೆ ಫೋನೇ ಆದೀತು. ಬಿಸಿಗಾಳಿ ಬಲೂನ್ ಹತ್ತುವವರು ಮಾತ್ರ 24-105 ಅಥವಾ 24-120 ಸೇರಿಸಿಕೊಳ್ಳಿ. ಬುಟ್ಟಿಯಲ್ಲಿ ಮೊಣಕೈ ಆಡಿಸಲು ಜಾಗವಿರುವುದಿಲ್ಲ, ಉದ್ದದ ಲೆನ್ಸ್ ಅಲ್ಲಿ ಬರೀ ಭಾರ. ಬಾಡಿ ಒಂದೇ ಇದ್ದರೆ 600ರ ಆಸೆ ಬಿಟ್ಟು 100-400 ಅಥವಾ 100-500 ಒಂದನ್ನೇ ಹಾಕಿ, ಇಡೀ ಪ್ರವಾಸದಲ್ಲಿ ಅದನ್ನು ಬಿಚ್ಚದೆ ಇರಿ.

ಬಾಡಿ, ಲೆನ್ಸಿನ ನಡುವೆ ಹಾಕಿ ಮಿ.ಮೀ. ಹೆಚ್ಚಿಸುವ ಟೆಲಿಕನ್ವರ್ಟರ್ ಬಗ್ಗೆ ಹುಷಾರು. 1.4 ಎಕ್ಸ್ ಹಾಕಿದರೆ ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಬೆಳಕು ಹೋಗಿ 600 ಎಫ್ 6.3 ಎಂಬುದು 840 ಎಫ್ 9 ಆಗುತ್ತದೆ. ಕ್ಯಾನನ್ 100-500ಕ್ಕೆ ಅದನ್ನು 300 ಮಿ.ಮೀ. ದಾಟಿಸಿದ ಮೇಲೇ ಹಾಕಲು ಸಾಧ್ಯ, ಹಾಕಿದ ಮೇಲೆ 300ಕ್ಕಿಂತ ಹಿಂದೆ ಬರದು, ಚೀಲದಲ್ಲಿ ಮಡಚಿ ಇಡಲೂ ಆಗದು. ಅದನ್ನು ಹಾಕಲು ತೆಗೆಯಲು ಧೂಳಿನಲ್ಲಿ ಮೌಂಟ್ ಬಿಚ್ಚಬೇಕು ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾರಾದಲ್ಲಿ ದೂರದ ಚಿತ್ರ ಕೆಡುವುದು ಮಿ.ಮೀ. ಸಾಲದೆ ಅಲ್ಲ, ಬಿಸಿಗಾಳಿಯಿಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಒಳ್ಳೆಯ ಲೆನ್ಸುಗಳು ವಿನಾಕಾರಣ ಬೈಸಿಕೊಳ್ಳುವುದು ಇದರಿಂದಲೇ. ಹೊತ್ತೇರಿ ನೆಲ ಕಾದಮೇಲೆ ಹುಲ್ಲಿನ ಮೇಲೆ ಬಿಸಿಲ್ಗುದುರೆ ಕುಣಿಯತೊಡಗುತ್ತದೆ. ಕಾದ ಗಾಳಿ, ತಂಪು ಗಾಳಿಯ ಪದರಗಳು ಬೆಳಕನ್ನು ಬೇರೆಬೇರೆಯಾಗಿ ಬಗ್ಗಿಸುತ್ತವೆ. ಚಿತ್ರದಲ್ಲಿ ಅದು ಔಟ್ ಆಫ್ ಫೋಕಸ್ ಆದಂತೆ ಕಾಣುತ್ತದೆ, ರೋಮ ಪೇಸ್ಟಿನಂತೆ ಕಲಸಿಹೋಗಿರುತ್ತದೆ, ಅಂಚುಗಳು ಜೋಡಿಯಾಗಿ ಕಾಣುತ್ತವೆ. ಪತ್ತೆ ಹಚ್ಚಲು ಅಲ್ಲಾಡದ ಪ್ರಾಣಿಯ ಹತ್ತು ಫ್ರೇಮ್ ಒಟ್ಟಿಗೆ ಹೊಡೆಯಿರಿ. ಕಲಸಿದ ಭಾಗ ಫ್ರೇಮಿನಿಂದ ಫ್ರೇಮಿಗೆ ಜಾಗ ಬದಲಿಸುತ್ತಿದ್ದರೆ ಅದು ಗಾಳಿ, ಲೆನ್ಸಲ್ಲ. ಶಟರ್ ಸ್ಪೀಡ್ ಏರಿಸಿದರೂ ಟ್ರೈಪಾಡ್ ಹಾಕಿದರೂ ಇದು ಹೋಗದು. ಮದ್ದು ಒಂದೇ, ದೂರ ಕಡಿಮೆ ಮಾಡುವುದು. 80 ಮೀಟರಿನ ಚಿತ್ರವನ್ನು ಬೆಳಿಗ್ಗೆ ಒಂಬತ್ತರೊಳಗೆ, ಇಲ್ಲವೇ ಮೋಡವಿದ್ದಾಗ ತೆಗೆಯಿರಿ. ನಡು ಮಧ್ಯಾಹ್ನ 25 ಮೀಟರಿನೊಳಗೆ ಬಂದದ್ದನ್ನು ಮಾತ್ರ. ವಾಹನದ ಬಾನೆಟ್ಟಿನ ಮೇಲಿಂದ ಎಂದೂ ಗುರಿಯಿಡಬೇಡಿ, ಕಾದ ಎಂಜಿನ್ನಿನ ಗಾಳಿ ಲೆನ್ಸಿನ ಮೂತಿಯ ಮುಂದೆಯೇ ಏಳುತ್ತಿರುತ್ತದೆ.

ಮಾರಾದ ನೆಲದ ಬಹುಭಾಗ ನಮ್ಮ ಧಾರವಾಡ, ಗದಗ ಕಡೆಯ ಎರೆಮಣ್ಣಿನಂಥದೇ. ಮಳೆ ಬಿದ್ದರೆ ಚಕ್ರ ನುಂಗುತ್ತದೆ, ಒಣಗಿದರೆ ಹಿಟ್ಟಿನಂಥ ಧೂಳು. ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ವಲಸೆ ನೋಡಲು ಹೋಗುವ ಜುಲೈನಿಂದ ಅಕ್ಟೋಬರಿನ ನಡುವೆ ಎರಡನ್ನೂ ಒಂದೇ ದಿನ ಕಾಣಬಹುದು. ಎರಡು ಬಾಡಿ ಬೇಕೆಂದು ಹಟ ಹಿಡಿಯುವುದು ಇದಕ್ಕೇ: ವಾಹನದಲ್ಲಿ ಲೆನ್ಸ್ ಬದಲಿಸಲೇಬಾರದು. ಎರಡನ್ನೂ ತೊಡೆಯ ಮೇಲೆ ಅಥವಾ ಪಕ್ಕದ ಸೀಟಿನಲ್ಲಿಟ್ಟು ಹಳೆಯ ಹತ್ತಿ ಪಂಚೆ ಹೊದಿಸಿ. ಪಂಚೆಯಷ್ಟು ಹಗುರವಾದ, ಬೇಗ ಎಳೆದು ಬಿಸಾಡಬಹುದಾದ, ರಾತ್ರಿ ಒಗೆದು ಹಾಕಿದರೆ ಬೆಳಿಗ್ಗೆಗೆ ಒಣಗುವ ಹೊದಿಕೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಪ್ಲಾಸ್ಟಿಕ್ ಕವರ್ ನೆಚ್ಚಿಕೊಳ್ಳಬೇಡಿ. ಕೀನ್ಯಾದಲ್ಲಿ 2017ರ ಆಗಸ್ಟಿನಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ, 2020ರಿಂದ ರಕ್ಷಿತ ಅರಣ್ಯಗಳಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೂ. ಮಳೆಗೆ ಬಟ್ಟೆಯ ರೈನ್ ಕವರ್, ಕಾರ್ಡುಗಳಿಗೆ ಗಟ್ಟಿ ಡಬ್ಬಿ ಒಯ್ಯಿರಿ.

ಸಂಜೆ ಕ್ಯಾಂಪಿಗೆ ಬಂದಮೇಲೆ ಮೊದಲು ಮೆತ್ತನೆಯ ಬ್ರಷ್‌ನಿಂದ ಹೊರಗಿನ ಧೂಳು, ಆಮೇಲೆ ಬ್ಲೋವರ್‌ನಿಂದ ಗಾಜು, ಕೊನೆಗೆ ಬಟ್ಟೆ. ಈ ಕ್ರಮ ತಪ್ಪಿ ಮೊದಲೇ ಬಟ್ಟೆಯಿಂದ ಒರೆಸಿದರೆ ಕಲ್ಲಿನ ಪುಡಿಯನ್ನು ಗಾಜಿಗೆ ಉಜ್ಜಿದಂತೆ. ಬಾಯಿಂದ ಊದಬೇಡಿ, ಎಂಜಲಿನ ಹನಿ ಒಣಗಿದ ಮೇಲೆ ಧೂಳಿಗಿಂತ ಹಟಮಾರಿ. ಸೆನ್ಸರ್ ನೋಡಲು ಎಫ್ 16ಕ್ಕಿಟ್ಟು ಬರಿಯ ಆಕಾಶದ ಒಂದು ಚಿತ್ರ ಸಾಕು. ಉದ್ದದ ಲೆನ್ಸಿನ ಯುವಿ ಫಿಲ್ಟರ್ ಮನೆಯಲ್ಲೇ ಇರಲಿ, ಆ ಮಿ.ಮೀ.ಯಲ್ಲಿ ಅಗ್ಗದ ಗಾಜು ಮಾಡುವ ಕೆಡುಕು ಕಣ್ಣಿಗೆ ಕಾಣುತ್ತದೆ. ಹುಡ್ ಹಾಕಿದ್ದರೆ ರಕ್ಷಣೆ ಸಾಕು. ಒಯ್ಯಬೇಕಾದ ಫಿಲ್ಟರ್ ಒಂದೇ, 70-200ಕ್ಕೆ ಬೆಳಕು ತಗ್ಗಿಸುವ ಮೂರು ಸ್ಟಾಪಿನ ಎನ್‌ಡಿ. ಓಡುವ ವೈಲ್ಡ್‌ಬೀಸ್ಟ್ ಹಿಂಡನ್ನು 1/30 ಸೆಕೆಂಡಿನಲ್ಲಿ ಪ್ಯಾನ್ ಮಾಡಬೇಕೆಂದರೆ (ಓಟದ ಜೊತೆ ಕ್ಯಾಮೆರಾ ತಿರುಗಿಸುತ್ತ ತೆಗೆಯುವುದು) ಸುಡುಬಿಸಿಲಲ್ಲಿ ಐಎಸ್‌ಒ 100ಕ್ಕೂ ಎಫ್ 29ರ ತನಕ ಹೋಗಬೇಕಾಗುತ್ತದೆ, ಆಗ ಸೆನ್ಸರಿನ ಒಂದೊಂದು ಧೂಳಿನ ಕಣವೂ ಕರಿಚುಕ್ಕೆಯಾಗಿ ಮೂಡುತ್ತದೆ. ಎನ್‌ಡಿ ಇದ್ದರೆ ಎಫ್ 10ಕ್ಕೇ ಕೆಲಸ ಆಗುತ್ತದೆ.

ಟ್ರೈಪಾಡ್ ಬೇಡ. ವಾಹನದಿಂದ ಇಳಿಯುವಂತಿಲ್ಲ, ಒಳಗೆ ಮೂರು ಕಾಲು ಚಾಚಲು ಜಾಗವಿಲ್ಲ. ಬೀನ್ ಬ್ಯಾಗ್ ಬೇಕೇಬೇಕು. ಇಲ್ಲಿಂದ ಖಾಲಿ ಒಯ್ದು ಅಲ್ಲಿ ಅಕ್ಕಿಯನ್ನೋ ಒಣ ಬೀನ್ಸ್ ಕಾಳನ್ನೋ ಎರಡು, ಎರಡೂವರೆ ಕಿಲೊ ತುಂಬಿಸಿ. ಬಿಗಿಯಾಗಿ ತುಂಬಿದರೆ ಲೆನ್ಸ್ ಜಾರುತ್ತದೆ, ಮುಕ್ಕಾಲು ಭಾಗ ತುಂಬಿದರೆ ತಗ್ಗಾಗಿ ಹಿಡಿದುಕೊಳ್ಳುತ್ತದೆ. ಛಾವಣಿ ಮೇಲೇಳುವ ಲ್ಯಾಂಡ್ ಕ್ರೂಸರುಗಳಲ್ಲಿ ಎಲ್ಲರೂ ಎದ್ದು ನಿಂತು ಛಾವಣಿಯ ಅಂಚಿನಿಂದ ತೆಗೆಯುತ್ತಾರೆ, ಪ್ರಾಣಿಯನ್ನು ಮೇಲಿನಿಂದ ಕೆಳಕ್ಕೆ ನೋಡಿದ ಚಿತ್ರ ಬರುತ್ತದೆ. ಕೂತು ಕಿಟಕಿಯ ಅಂಚಿಗೆ ಬ್ಯಾಗ್ ಇಟ್ಟರೆ ಕಣ್ಣಿನ ಮಟ್ಟ ಒಂದು ಮೀಟರಿನಷ್ಟು ಕೆಳಗಿಳಿಯುತ್ತದೆ, ಹಿನ್ನೆಲೆಯ ಹುಲ್ಲು ದೂರ ಸರಿದು ಮೃದುವಾಗುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಎಂಜಿನ್ ಆಫ್ ಮಾಡಲು ಚಾಲಕರಿಗೆ ಮೊದಲ ದಿನವೇ ಹೇಳಿಟ್ಟುಕೊಳ್ಳಿ, ಜೊತೆಗಿರುವವರೂ ಆ ಕ್ಷಣ ಅಲ್ಲಾಡದಿರಲಿ.

ನದಿ ದಾಟುವ ದೃಶ್ಯಕ್ಕೆ ನೂರು ಮೀಟರ್ ಆಚೆಯಿಂದ 200 ಹಾಕಿದರೆ 18 ಮೀಟರ್ ಅಗಲ ಸಿಗುತ್ತದೆ, 600ಕ್ಕೆ 6 ಮೀಟರ್. ಎರಡೂ ಬಾಡಿ ಸಿದ್ಧವಿರಲಿ, ಜಿಗಿತಕ್ಕೆ 1/2000 ಸೆಕೆಂಡ್. ಕರಿ ಪ್ರಾಣಿ, ಬಿಳಿ ಧೂಳು ಒಂದೇ ಫ್ರೇಮಿನಲ್ಲಿದ್ದಾಗ ಕ್ಯಾಮೆರಾದ ಬೆಳಕಿನ ಮೀಟರ್ ಗಲಿಬಿಲಿಗೊಳ್ಳುತ್ತದೆ. ಮ್ಯಾನುಯಲ್‌ಗೆ ಹಾಕಿ, ಹಿಂಡಿನಲ್ಲಿರುವ ಜೀಬ್ರಾದ ಬಿಳಿ ಪಟ್ಟೆ ಸುಟ್ಟುಹೋಗದಂತೆ ಹಿಸ್ಟೊಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ ನಿಲ್ಲಿಸಿ. ಎತ್ತರದ ಹುಲ್ಲಿನಲ್ಲಿ ಕಣ್ಣು ಹುಡುಕುವ ಆಟೋಫೋಕಸ್ ಮುಂದಿನ ಎಸಳಿಗೆ ಅಂಟಿಕೊಂಡುಬಿಡುತ್ತದೆ. ಅದಕ್ಕಾಗಿ ಹಿಂಬದಿಯ ಇನ್ನೊಂದು ಗುಂಡಿಗೆ ಚಿಕ್ಕ ಒಂಟಿ ಪಾಯಿಂಟನ್ನು ಹೊಂದಿಸಿಟ್ಟುಕೊಳ್ಳಿ: ಮೊದಲು ಅದರಿಂದ ಮುಖ ಹಿಡಿದು, ಆಮೇಲೆ ಕಣ್ಣಿನ ಗುಂಡಿಗೆ ಹೆಬ್ಬೆರಳು ಸರಿಸುವುದು. ಈ ಅಭ್ಯಾಸ ಮನೆಯ ಮೇಲೆ ಸುತ್ತುವ ಹದ್ದುಗಳ ಮೇಲೆ, ರಂಗನತಿಟ್ಟಿನ ದೋಣಿಯಲ್ಲಿ ಕೂತು ಎರಡು ವಾರ ಮೊದಲೇ ಆಗಲಿ.

45 ಮೆಗಾಪಿಕ್ಸೆಲ್ ರಾ ಫೈಲು (ಸಂಸ್ಕರಿಸದ ಮೂಲ ಚಿತ್ರ) ಕಂಪ್ರೆಶನ್ ನೋಡಿಕೊಂಡು ಸುಮಾರು 30ರಿಂದ 50 ಎಂಬಿ. ದಿನಕ್ಕೆ 2,500 ಚಿತ್ರವೆಂದರೆ 75ರಿಂದ 125 ಜಿಬಿ, ಆರು ದಿನಕ್ಕೆ 450ರಿಂದ 750 ಜಿಬಿ. ಒಂದು ಟಿಬಿಯ ಎರಡು ಎಸ್‌ಎಸ್‌ಡಿ, ಒಂದು ಚೀಲದಲ್ಲಿ, ಇನ್ನೊಂದು ಮೈಮೇಲೆ. ಎರಡಕ್ಕೂ ಇಳಿಸುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಅನೇಕ ಕ್ಯಾಂಪುಗಳು ಸೌರ ವಿದ್ಯುತ್ತು, ಜನರೇಟರ್ ನಂಬಿರುವುದರಿಂದ ಚಾರ್ಜಿಂಗ್‌ಗೆ ಗೊತ್ತಾದ ಹೊತ್ತಿರುತ್ತದೆ. ಪ್ರತಿ ಬಾಡಿಗೆ ಮೂರು ಬ್ಯಾಟರಿ ಇದ್ದರೆ ನಿಶ್ಚಿಂತೆ. ಕರೆಂಟು 240 ವೋಲ್ಟ್, 50 ಹರ್ಟ್ಸ್, ನಮ್ಮ ಚಾರ್ಜರಿಗೆ ಕನ್ವರ್ಟರ್ ಬೇಡ. ಸಾಕೆಟ್ ಮಾತ್ರ ಬ್ರಿಟನ್ನಿನಂತೆ ಚಪ್ಪಟೆ ಮೂರು ಪಿನ್ನಿನದು. ಅಡಾಪ್ಟರ್ ಒಂದಕ್ಕೆ ಇಲ್ಲಿನ ಚಿಕ್ಕ ಎಕ್ಸ್‌ಟೆನ್ಶನ್ ಬೋರ್ಡ್ ಸಿಕ್ಕಿಸಿದರೆ ನಾಲ್ಕು ಚಾರ್ಜರ್ ಒಟ್ಟಿಗೆ ನಡೆಯುತ್ತವೆ. ಕ್ಯಾಮೆರಾಗಳ ಗಡಿಯಾರವನ್ನು ಎರಡೂವರೆ ಗಂಟೆ ಹಿಂದಕ್ಕೆ ತಿರುಗಿಸಿ, ಎರಡೂ ಬಾಡಿಯದು ಸೆಕೆಂಡಿಗೆ ಸೆಕೆಂಡ್ ಹೊಂದಲಿ, ಇಲ್ಲದಿದ್ದರೆ ಮನೆಗೆ ಬಂದು ಚಿತ್ರಗಳನ್ನು ಕ್ರಮವಾಗಿ ಜೋಡಿಸುವುದೇ ದೊಡ್ಡ ಕೆಲಸವಾಗುತ್ತದೆ.

ಡ್ರೋನ್ ಮನೆಯಲ್ಲಿರಲಿ. ಮೊದಲೇ ಅನುಮತಿ ಪಡೆಯದೆ ರಿಸರ್ವ್ ಮೇಲೆ ಹಾರಿಸುವಂತಿಲ್ಲ. ನಮ್ಮವರು ಇಷ್ಟಪಡುವ ಮಿಲಿಟರಿ ಚಿತ್ತಾರದ ಪ್ಯಾಂಟು, ಟೋಪಿಯೂ ಬೇಡ, ಸೈನಿಕರ ಸಮವಸ್ತ್ರ ಹೋಲುವ ಬಟ್ಟೆ ಅಲ್ಲಿ ತೊಂದರೆ ತರುತ್ತದೆ.

ಕೊನೆಯದಾಗಿ ಕಾಗದ ಪತ್ರ. ವಿದೇಶದಿಂದ ಹಿಂದಿರುಗುವಾಗ ಬೆಲೆಬಾಳುವ ಲೆನ್ಸನ್ನು ಅಲ್ಲೇ ಕೊಂಡದ್ದೆಂದು ಕಸ್ಟಮ್ಸ್‌ನವರು ಸುಂಕ ಕೇಳದಿರಬೇಕಾದರೆ, ಹೋಗುವಾಗಲೇ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಬಾಡಿ, ಲೆನ್ಸುಗಳ ಹೆಸರು, ಸೀರಿಯಲ್ ನಂಬರು, ಬೆಲೆ ಬರೆದ ಪಟ್ಟಿಯ ಎರಡು ಪ್ರತಿ, ಬಿಲ್ಲುಗಳ ನಕಲು, ಜೊತೆಗೆ ಸಾಮಾನನ್ನೂ ತೋರಿಸಬೇಕು. ಇಮಿಗ್ರೇಶನ್ ಆಗುವ ನಿಲ್ದಾಣದಲ್ಲೇ ಇದು ಆಗುವುದು. ಬೆಂಗಳೂರಿನಿಂದ ಮುಂಬೈಗೆ ದೇಶೀಯ ವಿಮಾನದಲ್ಲಿ ಹೋಗಿ ಅಲ್ಲಿಂದ ನೈರೋಬಿಗೆ ಹಾರುವವರು ಮುಂಬೈಯಲ್ಲಿ ಸಮಯ ಇಟ್ಟುಕೊಳ್ಳಿ. ಬಾಡಿಗೆಗೆ ತಂದ ಲೆನ್ಸಾದರೆ ಬಿಲ್ಲು ನಿಮ್ಮ ಹೆಸರಿನಲ್ಲಿರುವುದಿಲ್ಲ. ಅಂಗಡಿಯವರಿಂದ ಸೀರಿಯಲ್ ನಂಬರ್ ನಮೂದಿಸಿದ ಪತ್ರ ಪಡೆಯಿರಿ, ಅವರ ಕರಾರಿನಲ್ಲಿ ದೇಶದ ಹೊರಗೆ ಒಯ್ಯಲು ಅನುಮತಿ ಇದೆಯೇ, ವಿಮೆ ಕೀನ್ಯಾದಲ್ಲೂ ನಡೆಯುತ್ತದೆಯೇ ಎಂದು ಬರವಣಿಗೆಯಲ್ಲೇ ಕೇಳಿ. ಲೆನ್ಸನ್ನು ಹೊರಡುವ ಹಿಂದಿನ ದಿನ ತರಬೇಡಿ. ಒಂದು ವಾರ ಮೊದಲೇ ತಂದು, ನಿಮ್ಮ ಕ್ಯಾಮೆರಾಕ್ಕೆ ಹಾಕಿ, ಪೂರ್ತಿ ತೆರೆದ ಅಪರ್ಚರಿನಲ್ಲಿ ಜೂಮಿನ ಎರಡೂ ತುದಿಗೆ ಒಂದೊಂದು ಗಂಟೆ ತೆಗೆದು ನೋಡಿ. ಫರ್ಮ್‌ವೇರ್ ಹಳೆಯದಾಗಿದ್ದರೆ, ಕಾಲರ್ ಸಡಿಲವಿದ್ದರೆ, ಒಂದು ಮೂಲೆ ಮಂಕಾಗಿದ್ದರೆ ಬದಲಿಸಿಕೊಳ್ಳಲು ಆಗ ಸಮಯವಿರುತ್ತದೆ.